ಮಗುವನ್ನು ಹಾಡುವ ನಾಡು

ಮನೆಗೆ ಹೊಸ ಕೂಸು ಬಂದಾಗ ದೊಡ್ಡವರ ನಿದ್ದೆಯೆಲ್ಲ ಕೂಸಿನ ವಶವಾಗುವುದೆಂಬುದು ಗೃಹಸ್ಥರಾದ ಎಲ್ಲರೂ ಬಲ್ಲ ಸಂಗತಿ. ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಸರಿರಾತ್ರಿಯ ಹೊತ್ತಿನಲ್ಲಿ ತೊಟ್ಟಿಲ ಹಗ್ಗವು ನಮ್ಮ ಕೈಗೆ ಬರುತ್ತಿತ್ತು. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಪುಸ್ತಕ. ಆಗ ನಾವು ಓದುತ್ತಿದ್ದುದು ದಕ್ಷಿಣ ಅಮೆರಿಕದ ಒರಿನೋಕೋ ನದಿಯ ಮೇಲಣ ಸೀಮೆಯಲ್ಲಿ ವಾಸಿಸುವ ಯೆಕ್ವಾನರೆಂಬ ಜನರ ವೃತ್ತಾಂತವನ್ನು. ನಮ್ಮ ದೊಡ್ಡಮ್ಮನವರು ಒಂದು ರಾತ್ರಿ ಎದ್ದು ಕುಳಿತು, "ಅದೇನಪ್ಪ, ಇಷ್ಟು ಹೊತ್ತಿನಲ್ಲಿ ಓದುತ್ತಿದ್ದೀಯೆ?" ಎಂದು ಕೇಳಿದರು. ಹೇಳಿದೆವು. "ಆ ಜನ ಹಸುಗೂಸಿಗೆ ಏನು ಹಾಡುತ್ತಾರೆ? ಆ ಹಾಡಿಗೆ ಏನು ಹೆಸರು?" ಎಂದು ಮರುಪ್ರಶ್ನೆ ಬಂದಿತು. "ಐಚುಡಿ ಎನ್ನುತ್ತಾರೆ" ಎಂದೆವು. "ಹಾಗೆಂದರೇನು? ಆ ಮಾತು ಎಲ್ಲಿಂದ ಬಂತು?" ಎಂದು ಅವರು ಬಿಡದೆ ಕೇಳಿದರು.

ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಾದ ಉತ್ತರ ಇದಲ್ಲ. ಕೆಲವು ಮಾತುಗಳನ್ನು ನಿಘಂಟಿನಲ್ಲಿ ಹುಡುಕಿದರೆ ಸಾಲದು. ಅವು ಹುಟ್ಟಿ ಬೆಳೆದ ನೆಲಕ್ಕೇ ಹೋಗಿ, ಅಲ್ಲಿಯ ಮನೆ, ತೋಟ, ಅಡಿಗೆ, ದೋಣಿಗಳ ನಡುವೆ ಅವುಗಳನ್ನು ನೋಡಬೇಕು. ನಾವು ಕಾಲ್ನಡಿಗೆಯಲ್ಲಿ ಅಲ್ಲಿಗೆ ಹೋದವರಲ್ಲ. ಭೂಪಟವನ್ನು ಹರಡಿಕೊಂಡು, ಅಲ್ಲಿದ್ದು ಬಂದ ವಿದ್ವಾಂಸರ ಬರಹಗಳನ್ನು ಕೈದೀಪವಾಗಿ ಹಿಡಿದು ಹೋದವರು. ವಾಚಕರೂ ನಮ್ಮೊಡನೆ ಸ್ವಲ್ಪ ದೂರ ಬರಬೇಕೆಂದು ಪ್ರಾರ್ಥನೆ.

ಒರಿನೋಕೋ ನದಿಯು ವೆನೆಜುವೆಲಾ ದೇಶದ ದಕ್ಷಿಣದ ಬೆಟ್ಟಗಳಲ್ಲಿ ಹುಟ್ಟಿ, ಕುಡುಗೋಲಿನಂತೆ ಬಾಗಿ, ೨,೦೦೦ ಕಿಲೋಮೀಟರಿಗೂ ಮಿಕ್ಕ ದೂರವನ್ನು ಹರಿದು ಅಟ್ಲಾಂಟಿಕ್ ಸಮುದ್ರವನ್ನು ಸೇರುತ್ತದೆ. ಸಮುದ್ರದ ಕಡೆಯಿಂದ ನದಿಯನ್ನು ಏರಿ ಹೊರಟರೆ ದಾರಿಯಲ್ಲಿ ಸಿಯುದಾದ್ ಬೊಲಿವಾರ್ ಎಂಬ ಹಳೆಯ ಪಟ್ಟಣವು ಸಿಕ್ಕುವುದು. ನದಿಯು ಅಲ್ಲಿ ಇಕ್ಕಟ್ಟಾಗಿ ಹರಿಯುವುದರಿಂದ ಅದಕ್ಕೆ ಹಿಂದೆ ಆಂಗೊಸ್ತೂರಾ, ಎಂದರೆ ಇಕ್ಕಟ್ಟಿನ ಜಾಗ, ಎಂದು ಹೆಸರಿತ್ತು. ೧೮೪೬ರಲ್ಲಿ ಈಗಿನ ಹೆಸರು ಬಂದಿತು. ಇನ್ನೂ ಮೇಲಕ್ಕೆ ಹೋದರೆ ಆತುರೆಸ್ ಮತ್ತು ಮೈಪುರೆಸ್ ಎಂಬಲ್ಲಿ ನೀರು ಬಂಡೆಗಳ ಮೇಲೆ ಭೋರ್ಗರೆಯುವುದು. ದೋಣಿಗಳು ಮುಂದೆ ಹೋಗಲಾರವು. ಆ ತಡೆಯ ಕೆಳಗೆ ೧೯೨೪ರಲ್ಲಿ ಕಟ್ಟಿದ ಪೊರ್ತೊ ಆಯಕೂಚೊ ಎಂಬ ಪಟ್ಟಣವಿದೆ. ಅದನ್ನು ದಾಟಿ, ಸಾನ್ ಫೆರ್ನಾಂದೊ ದೆ ಆತಬಾಪೊ ಎಂಬ ಊರನ್ನು ಬಿಟ್ಟು, ದಿನಗಟ್ಟಲೆ ಹುಟ್ಟು ಹಾಕಿದ ಮೇಲೆ ಲಾ ಎಸ್ಮೆರಾಲ್ದಾ ಎಂಬ ಹಳ್ಳಿಯು ಕಾಣುವುದು. ಅದರ ಬೆನ್ನಿಗೆ ದುಯಿದಾ ಎಂಬ ಪರ್ವತವು ಗೋಡೆಯಂತೆ ನಿಂತಿದೆ. ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ೧೮೦೦ರ ಮೇ ತಿಂಗಳಲ್ಲಿ ಇಲ್ಲಿಯವರೆಗೆ ಬಂದು, ಊದುಕೊಳವೆಯ ಅಂಬುಗಳಿಗೆ ಹಚ್ಚುವ ಕುರಾರೆ ಎಂಬ ವಿಷವನ್ನು ಕಾಡುಜನರು ಕುದಿಸುವುದನ್ನು ಕಣ್ಣಾರೆ ಕಂಡು ಬರೆದಿರುವರು.

ದುಯಿದಾ ಪರ್ವತದ ಪಕ್ಕದಲ್ಲಿ ಅದಕ್ಕಿಂತಲೂ ಎತ್ತರವಾದ ಮಾರಾವಾಕ ಪರ್ವತವಿದೆ. ಅದರ ಎತ್ತರ ೨,೮೦೦ ಮೀಟರಿಗೂ ಹೆಚ್ಚು. ನೆತ್ತಿ ಚಪ್ಪಟೆ, ಮೈಯೆಲ್ಲ ಕಡಿದ ಬಂಡೆ, ಬಹುಕಾಲ ಮೋಡ ಮುಸುಕಿರುವುದು. ಈ ಪರ್ವತಗಳಿಂದ ಇಳಿಯುವ ಕುನುಕುನುಮಾ, ಪದಾಮೊ ಹೊಳೆಗಳು, ಉತ್ತರಕ್ಕೆ ವೆಂತುವಾರಿ, ಕೌರಾ, ಎರೆಬಾತೊ ನದಿಗಳು, ಗಡಿಯಾಚೆ ಬ್ರೆಜಿಲಿನ ಆವಾರಿಸ್ ಹೊಳೆ: ಇವುಗಳ ದಡಗಳೇ ಯೆಕ್ವಾನರ ನಾಡು. ವೆನೆಜುವೆಲಾದಲ್ಲಿ ಅವರ ಸಂಖ್ಯೆ ೨೦೧೧ರ ಗಣತಿಯಲ್ಲಿ ಸುಮಾರು ೮,೦೦೦. ಬ್ರೆಜಿಲಿನಲ್ಲಿ ಕೆಲವು ನೂರು ಮಂದಿ. ಅವರ ಭಾಷೆ ಕಾರಿಬ್ ಎಂಬ ದೊಡ್ಡ ಭಾಷಾ ಕುಟುಂಬಕ್ಕೆ ಸೇರಿದ್ದು.

ಮೊದಲು ಆ ಜನರ ಹೆಸರನ್ನೇ ಬಿಡಿಸಿ ನೋಡೋಣ. ‘ಯೆ’ ಎಂದರೆ ಮರ, ‘ಕು’ ಎಂದರೆ ನೀರು, ‘ಆನ’ ಎಂದರೆ ಜನ. ನೀರಿನ ಮೇಲಣ ಮರದ ಜನ, ಎಂದರೆ ದೋಣಿಯ ಜನ. ಹೆಸರಿಗೆ ತಕ್ಕ ಕೆಲಸ ಅವರದು. ಕಾಡಿನಲ್ಲಿ ಒಂದೇ ಮರವನ್ನು ಕಡಿದು, ದಿಮ್ಮಿಯ ಹೊಟ್ಟೆಯನ್ನು ಕೊರೆದು, ಬೆಂಕಿಯ ಕಾವಿನಿಂದ ಅಗಲಿಸಿ ಅವರು ಮಾಡುವ ದೋಣಿಗಳಿಗೆ ಆ ಸೀಮೆಯಲ್ಲೆಲ್ಲ ಹೆಸರುಂಟು. ಆ ದೋಣಿಗಳಲ್ಲಿ ಕುಳಿತು ಅವರ ಪೂರ್ವಿಕರು ಪೂರ್ವದಿಕ್ಕಿನ ಡಚ್ಚರ ವಸಾಹತಿನವರೆಗೂ ವ್ಯಾಪಾರಕ್ಕೆ ಹೋಗಿ ಬರುತ್ತಿದ್ದರು. ಹೊರಗಿನವರು ಅವರನ್ನು ಮಕಿರಿತಾರೆ ಎಂದೂ ಮಯೊಂಗೊಂಗ್ ಎಂದೂ ಕರೆದರು. ಅವೆಲ್ಲ ಪರರು ಇಟ್ಟ ಹೆಸರುಗಳು.

ಪರರ ಮಾತುಗಳೂ ಅವರ ಭಾಷೆಯೊಳಕ್ಕೆ ಬಂದಿವೆ. ಸ್ಪೇನಿನವನನ್ನು ಅವರು ‘ಫಾನ್ಯುರು’ ಎನ್ನುವರು. ಅದು ‘ಎಸ್ಪಾನ್ಯೋಲ್’ ಎಂಬುದರ ರೂಪಾಂತರ. ಕೋವಿಗೆ ‘ಅರಕುಸ’ ಎನ್ನುವರು. ಅದು ಸ್ಪೇನಿಯರ ಹಳೆಯ ಕೋವಿಯಾದ ‘ಆರ್ಕಬೂಸ್’ ಎಂಬ ಮಾತು. ಆಂಗೊಸ್ತೂರಾ ಪಟ್ಟಣವು ಅವರ ಬಾಯಲ್ಲಿ ‘ಅಂಕೊಸ್ತುರಾನ್ಯ’ ಆಗಿದೆ. ಈ ಮೂರು ಮಾತುಗಳಲ್ಲಿಯೇ ಒಂದು ದುಃಖದ ಚರಿತ್ರೆಯಿದೆ. ಸ್ಪೇನಿಯರು ೧೭೫೮ರ ಸುಮಾರಿಗೆ ಮೇಲಣ ಒರಿನೋಕೋಗೆ ಬಂದು, ಲಾ ಎಸ್ಮೆರಾಲ್ದಾದಿಂದ ಆಂಗೊಸ್ತೂರಾದವರೆಗೆ ಕಾಡಿನೊಳಗೆ ದಾರಿ ಕಡಿಸಿ, ಸಾಲಾಗಿ ೧೯ ಸಣ್ಣ ಕೋಟೆಗಳನ್ನು ಕಟ್ಟಿದರು. ೧೭೭೬ರಲ್ಲಿ ಯೆಕ್ವಾನರು ನೆರೆಹೊರೆಯವರೊಡನೆ ಗುಟ್ಟಾಗಿ ಕೂಡಿಕೊಂಡು ಒಂದೇ ರಾತ್ರಿಯಲ್ಲಿ ಅವೆಲ್ಲವನ್ನೂ ನಾಶಮಾಡಿದರು. ಸ್ಪೇನಿಯರು ಮತ್ತೆ ಆ ಕಾಡಿನಲ್ಲಿ ನೆಲೆನಿಲ್ಲಲಿಲ್ಲ. ಆದರೆ ಒಂದು ಶತಮಾನಕ್ಕೂ ಮಿಕ್ಕ ಕಾಲದ ಮೇಲೆ ರಬ್ಬರಿನ ಆಸೆ ಬಂದಿತು. ೧೯೧೩ರಲ್ಲಿ ತೊಮಾಸ್ ಫುನೆಸ್ ಎಂಬವನು ಸಾನ್ ಫೆರ್ನಾಂದೊ ದೆ ಆತಬಾಪೊವನ್ನು ಹಿಡಿದುಕೊಂಡು, ೧೯೨೧ರಲ್ಲಿ ಗುಂಡಿಗೆ ಆಹುತಿಯಾಗುವವರೆಗೂ ಆ ಸೀಮೆಯನ್ನು ಸುಲಿದನು. ಎಷ್ಟೋ ಯೆಕ್ವಾನ ಹಳ್ಳಿಗಳು ಬೂದಿಯಾದವು. ಬದುಕಿದವರು ಹೊಳೆಗಳ ತಲೆಯ ಕಡೆಗೆ, ಬೆಟ್ಟಗಳ ಕಡೆಗೆ ಓಡಿದರು. ಹೀಗೆ ಓಡಿದವರು ಕೈಯಲ್ಲಿ ಹೆಚ್ಚಿನದನ್ನು ಒಯ್ಯಲಾರರು. ಆದರೆ ಬಾಯಲ್ಲಿದ್ದುದು ಉಳಿಯಿತು.

ಬಾಯಲ್ಲಿದ್ದ ಆ ಸಂಪತ್ತಿಗೆ ‘ವಾತುನ್ನ’ ಎಂದು ಹೆಸರು. ಸೃಷ್ಟಿಯ ಕಥೆಗಳು, ಪೂರ್ವಿಕರ ಚರಿತ್ರೆ, ಬದುಕಿನ ನೀತಿ ಎಲ್ಲವೂ ಅದರೊಳಗಿನವು. ‘ಹೇಳು’ ಎಂಬರ್ಥದ ‘ಅದೆಉ’ ಎಂಬ ಧಾತುವಿನಿಂದ ಆ ಮಾತು ಬಂದುದೆಂದು ಬಲ್ಲವರು ಬರೆದಿರುವರು. ಮಾರ್ಕ್ ದೆ ಸಿವ್ರಿಯೂ ಎಂಬ ವಿದ್ವಾಂಸರು ಸುಮಾರು ಇಪ್ಪತ್ತು ವರ್ಷ ಆ ಜನರೊಡನೆ ಬಳಕೆಯಿಟ್ಟುಕೊಂಡು, ಆ ಕಥೆಗಳನ್ನು ಕಲೆಹಾಕಿ ೧೯೭೦ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಅಚ್ಚು ಹಾಕಿಸಿದರು. ಡೇವಿಡ್ ಗಸ್ ಎಂಬ ಅಮೆರಿಕದ ವಿದ್ವಾಂಸರು ೧೯೮೦ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಗಸ್ ಅವರಿಗೆ ಒಂದು ಸ್ವಾರಸ್ಯವಾದ ಅನುಭವವಾಯಿತು. ಯಾರಾದರೊಬ್ಬ ಮುದುಕರು ದೀಪದ ಬಳಿ ಕುಳಿತು ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳುವರೆಂದು ಅವರು ಆಸೆಯಿಂದ ಹಳ್ಳಿಗೆ ಹೋದರು. ಹಾಗೆ ಹೇಳುವವರು ಯಾರೂ ಇರಲಿಲ್ಲ. ಗಂಡಸರು ಬುಟ್ಟಿ ಹೆಣೆಯುತ್ತ ಕುಳಿತುಕೊಳ್ಳುವ ಜಾಗದಲ್ಲಿ ತಾವೂ ಬುಟ್ಟಿ ಹೆಣೆಯಲು ಕಲಿತ ಮೇಲೆ, ಅಲ್ಲೊಂದು ಇಲ್ಲೊಂದು ಮಾತಾಗಿ ಕಥೆಯು ಅವರ ಕಿವಿಗೆ ಬೀಳತೊಡಗಿತು. ಬುಟ್ಟಿ, ದೋಣಿ, ಮನೆ, ತೋಟ, ಹೆರಿಗೆ, ಸಾವು ಇವುಗಳಿಂದ ಬೇರೆಯಾದ ಕಥೆಯೇ ಅಲ್ಲಿ ಇರಲಿಲ್ಲ.

ಆ ಕಥೆಗಳಲ್ಲಿ ಹುಟ್ಟಿನ ವಿಚಾರವು ಹೇಗೆ ಬಂದಿದೆಯೆಂಬುದನ್ನು ಈಗ ಕೇಳಿರಿ. ಆಕಾಶದಲ್ಲಿರುವ ವಾನಾಡಿಯು ಎಲ್ಲವನ್ನೂ ಸೃಷ್ಟಿಸಿದವನು. ಮರಕುಟಿಗ ಹಕ್ಕಿಗೂ ಅವನದೇ ಹೆಸರು. ಅವನು ಭೂಮಿಗೆ ತನ್ನ ರೂಪಗಳನ್ನು ಒಂದಾದ ಮೇಲೊಂದರಂತೆ ಮೂರು ಸಲ ಕಳುಹಿಸಿದನು. ಮೊದಲ ರೂಪವು ಹುಟ್ಟಿದಾಗ ಹೊಕ್ಕುಳ ಬಳ್ಳಿಯನ್ನು ಕೊಯ್ದು ಮಾಸನ್ನು ನೆಲದಲ್ಲಿ ಹೂಳಲಾಯಿತು. ಅದು ಅಲ್ಲಿಯೇ ಕೊಳೆಯಿತು, ಹುಳು ಹತ್ತಿತು. ಆ ಕೊಳೆತದ್ದರಿಂದ ಓಡೋಶಾ ಎಂಬ ಕೇಡಿಗನು ಹುಟ್ಟಿದನು. ಲೋಕದಲ್ಲಿರುವ ರೋಗ, ಸಾವು, ದುರಾಸೆ, ಜಗಳಗಳೆಲ್ಲ ಅವನ ಕೆಲಸವೇ. ಒಂದೇ ಹುಟ್ಟಿನಿಂದ ಒಳ್ಳೆಯದೂ ಕೆಟ್ಟದ್ದೂ ಬಂದವು. ಎಚ್ಚರ ತಪ್ಪಿದ ಒಂದು ಗಳಿಗೆಯಲ್ಲಿ ಕೇಡು ಒಳಹೊಕ್ಕಿತು ಎಂಬುದು ಈ ಕಥೆಯ ತಿರುಳು. ಹೆರಿಗೆಯ ಮನೆಯನ್ನು ನಡೆಸಿ ಬಲ್ಲ ಹಿರಿಯ ಹೆಂಗಸರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಸಲ ಬಂದ ವಾನಾಡಿಗೆ ನಾದೆಯುಮಾಡಿ ಎಂದು ಹೆಸರು. ಅವನು ಮೊಣಕಾಲ ಮೇಲೆ ಮೊಣಕೈಯೂರಿ, ತಲೆಯನ್ನು ಕೈಗಳಲ್ಲಿ ಹಿಡಿದು ಕುಳಿತು, ತಾಯಿಯೊಬ್ಬಳು ಹುಟ್ಟಿದಳೆಂದು ಕನಸು ಕಂಡನು, ತಾಯಿಯು ಹುಟ್ಟಿದಳು. ಸಾವೆಂಬುದು ನಿಜವಲ್ಲವೆಂದು ತೋರಿಸುವುದಕ್ಕಾಗಿ ಅವನು ಹೀಗೆ ಮಾಡಿದನಂತೆ. ಅವನು ತನ್ನೊಡನೆ ಹುವೆಹನ್ನ ಎಂಬ ದೊಡ್ಡ ಗುಂಡನ್ನು ತಂದಿದ್ದನು. ಅದು ಮೊಟ್ಟೆಯಂತೆ ಇತ್ತು. ಚಿಪ್ಪು ಕಲ್ಲಿನಷ್ಟು ಗಟ್ಟಿ. ಇನ್ನೂ ಹುಟ್ಟದ ಜನರೆಲ್ಲ ಅದರೊಳಗೆ ತುಂಬಿದ್ದರು. ಕಿವಿಗೊಟ್ಟರೆ ಒಳಗಿನಿಂದ ಮಾತು, ನಗು, ಕೂಗು ಮತ್ತು ಹಾಡು ಕೇಳಿಬರುತ್ತಿದ್ದಿತು. ಓಡೋಶಾನ ಕಾಟದಿಂದಾಗಿ ವಾನಾಡಿಯು ಅದನ್ನು ಒಡೆಯಲಾಗದೆ ಬೆಟ್ಟವೊಂದರಲ್ಲಿ ಬಚ್ಚಿಟ್ಟನು. ಈ ಕೆಟ್ಟ ಕಾಲವು ಮುಗಿದ ಮೇಲೆ ಆ ಜನರು ಹುಟ್ಟಿ ಬರುವರೆಂಬುದು ನಂಬಿಕೆ.

ಈ ಕಥೆಯನ್ನು ಓದಿದಾಗ ನಾವು ಪುಸ್ತಕವನ್ನು ಮಡಿಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಹುಟ್ಟುವ ಮೊದಲೇ ಹಾಡುವ ಜನ! ಮಗು ಹುಟ್ಟಿದ ಮೇಲೆ ನಾವು ಹಾಡನ್ನು ಕಟ್ಟಿ ಅದಕ್ಕೆ ಕೇಳಿಸುತ್ತೇವೆಂದು ತಿಳಿದಿದ್ದೆವು. ಯೆಕ್ವಾನರ ಎಣಿಕೆಯಲ್ಲಿ ಹಾಡು ಮೊದಲು, ಹುಟ್ಟು ಆಮೇಲೆ.

ಮೂರನೆಯ ವಾನಾಡಿಗೆ ಅತ್ತಾವಾನಾಡಿ ಎಂದು ಹೆಸರು. ‘ಅತ್ತಾ’ ಎಂದರೆ ಮನೆ. ಆದುದರಿಂದ ಇವನು ಮನೆಯ ವಾನಾಡಿ. ಜನರಿಗೆ ಮನೆ ಕಟ್ಟುವುದನ್ನು ಕಲಿಸಿದವನು ಇವನೇ. ಅವನ ಮೊದಲ ಮನೆಯು ಕುಶಮಾಕರಿ ಎಂಬ ಬೆಟ್ಟವಾಗಿ ಇಂದಿಗೂ ನಿಂತಿದೆಯೆಂದು ಹೇಳುವರು. ಯೆಕ್ವಾನರ ಮನೆಯು ದುಂಡಗೆ, ಗೋಪುರದಂತೆ ಕೂರಾದ ತಾಳೆಗರಿಯ ಸೂರುಳ್ಳದ್ದು. ನಡುವೆ ಆಕಾಶವನ್ನು ತೋರುವ ದೊಡ್ಡ ಕಂಬ. ಆ ಕಂಬದ ಸುತ್ತಲ ಒಳಸುತ್ತಿಗೆ ‘ಅನ್ನಕಾ’ ಎಂದು ಹೆಸರು. ಗಂಡಸರು ಸೇರುವುದು, ಬುಟ್ಟಿ ಹೆಣೆಯುವುದು, ಹಬ್ಬದ ಹಾಡು ನಡೆಯುವುದು ಎಲ್ಲ ಅಲ್ಲಿಯೇ. ಹೊರಸುತ್ತಿನಲ್ಲಿ ಸಂಸಾರಗಳ ಒಲೆಗಳು, ತೂಗುಹಾಸಿಗೆಗಳು. ಹೆಬ್ಬಾಗಿಲು ಪೂರ್ವಕ್ಕೆ. ಕಂಬಗಳೂ ತೊಲೆಗಳೂ ಆಕಾಶದ ಭಾಗಗಳಿಗೆ ಒಂದೊಂದಾಗಿ ಹೊಂದುವುದರಿಂದ, ಮನೆಯೊಳಗೆ ಕುಳಿತವನು ಲೋಕದ ನಡುವೆ ಕುಳಿತಂತೆ.

ಇಂಥ ಮನೆಯನ್ನು ಕಟ್ಟಿ ಮುಗಿಸಿದೊಡನೆ ಅದು ವಾಸಯೋಗ್ಯವಾಗದು. ಅದಕ್ಕೆ ಹಾಡಿನ ಹಬ್ಬವಾಗಬೇಕು. ಆ ಹಬ್ಬದ ಹೆಸರು ‘ಅತ್ತಾ ಅದೆಮಿ ಹಿದಿ’. ಕಾಡನ್ನು ಕಡಿದು ಹೊಸ ತೋಟವನ್ನು ಮಾಡಿದಾಗಲೂ ಹೀಗೆಯೇ. ಅದಕ್ಕೆ ‘ಅದಹಾ ಅದೆಮಿ ಹಿದಿ’ ಎನ್ನುವರು. ಈ ಹೆಸರುಗಳ ರಚನೆಯನ್ನು ವಾಚಕರು ಗಮನಿಸಬೇಕು. ಗಸ್ ಅವರು ಇವುಗಳ ಅರ್ಥವನ್ನು ಮನೆಗಾಗಿ ಹಾಡುವುದು, ತೋಟಕ್ಕಾಗಿ ಹಾಡುವುದು ಎಂದು ಕೊಟ್ಟಿಲ್ಲ. ‘ಮನೆಯನ್ನು ಹಾಡುವುದು’, ‘ತೋಟವನ್ನು ಹಾಡುವುದು’ ಎಂದು ಕೊಟ್ಟಿರುವರು. ಮರ, ಗರಿ, ಬಳ್ಳಿಗಳಿಂದ ಆದುದು ಮನೆಯ ಅರ್ಧ ಮಾತ್ರ. ಉಳಿದರ್ಧವು ಹಾಡಿನಿಂದ ಆಗತಕ್ಕದ್ದು.

ತೋಟವನ್ನು ಹಾಡುವಾಗ ಮೊದಲ ತೋಟದ ಕಥೆಯೆಲ್ಲ ಬರುವುದು. ಭೂಮಿಯಲ್ಲಿ ಹಸಿವು ಇದ್ದ ಕಾಲದಲ್ಲಿ, ರಾತ್ರಿ ತಿರುಗುವ ಕೂಚಿ ಎಂಬ ಸಣ್ಣ ಪ್ರಾಣಿಯು ಆಕಾಶದಿಂದ ಮರಗೆಣಸನ್ನು ಕದ್ದು ತಂದಿತು. ಆಹಾರವೆಲ್ಲ ಒಂದೇ ಮಹಾವೃಕ್ಷವಾಗಿ ಬೆಳೆಯಿತು. ಅದೇ ಮಾರಾವಾಕ. ಸೆಮೆನಿಯಾ ಎಂಬ ಪಕ್ಷಿರಾಜನ ಮುಂದಾಳುತನದಲ್ಲಿ ಎಲ್ಲರೂ ಸೇರಿ ಅದನ್ನು ಕಡಿದರು. ಕಡಿದರೂ ಅದು ಬೀಳಲಿಲ್ಲ. ಮೇಲೆ ಆಕಾಶಕ್ಕೆ ತಗುಲಿ ತೂಗಾಡುತ್ತಿತ್ತು. ಅಳಿಲು ಹತ್ತಿ ಹೋಗಿ ಆ ಕಟ್ಟನ್ನು ಕಡಿದ ಮೇಲೆ ಮರವು ಉರುಳಿತು, ಮಳೆ ಸುರಿಯಿತು, ಹೊಳೆಗಳು ಹರಿದವು. ಹೆಂಗಸರು ಗೆಣಸಿನ ಕಡ್ಡಿಗಳನ್ನು ಆರಿಸಿ ನೆಟ್ಟರು. ಮರದ ಬುಡವೇ ಇಂದಿನ ಮಾರಾವಾಕ ಪರ್ವತ. ಇಂದಿಗೂ ಹೊಸ ತೋಟದ ಹಬ್ಬದಲ್ಲಿ ಹೆಂಗಸರು ‘ವುವಾ’ ಎಂಬ ಹೊರೆಬುಟ್ಟಿಗಳಲ್ಲಿ ಗೆಣಸಿನ ಕಡ್ಡಿಗಳನ್ನು ತರುವರು. ಹಾಡನ್ನು ಬಲ್ಲ ಹಿರಿಯರು ರಾತ್ರಿಯಿಡೀ ಹಾಡುವರು. ಊರವರೆಲ್ಲ ಸಾಲಾಗಿ ಕುಣಿಯುತ್ತ ಅವರ ಹಿಂದೆ ಹಾಡುವರು.

ಮರಗೆಣಸಿನ ವಿಷಯವನ್ನು ಇನ್ನೂ ಒಂದು ಕಾರಣದಿಂದ ಹೇಳಬೇಕಾಗಿದೆ. ಅವರು ಬೆಳೆಯುವುದು ಹೆಚ್ಚಾಗಿ ಕಹಿಜಾತಿ. ಅದರಲ್ಲಿ ಸಯನೈಡ್ ಎಂಬ ವಿಷವನ್ನು ಹುಟ್ಟಿಸುವ ಪದಾರ್ಥವಿದೆ. ಹಸಿಯಾಗಿ ತಿಂದರೆ ಪ್ರಾಣಕ್ಕೆ ಅಪಾಯ. ಹೆಂಗಸರು ಸಿಪ್ಪೆ ಹೆರೆದು, ಸಣ್ಣ ಸಣ್ಣ ಮೊನೆಗಳನ್ನು ಒತ್ತೊತ್ತಾಗಿ ಕೂರಿಸಿದ ಹಲಗೆಯ ಮೇಲೆ ಗೆಣಸನ್ನು ತುರಿಯುವರು. ಯೆಕ್ವಾನ ಹೆಂಗಸರು ಮಾಡುವ ಆ ತುರಿಮಣೆಗಳಿಗೆ ದೂರದೂರದ ಜನರಲ್ಲಿಯೂ ಬೇಡಿಕೆಯಿತ್ತು. ತುರಿದದ್ದನ್ನು ‘ತಿಂಕುಯಿ’ ಎಂಬ ಉದ್ದನೆಯ ಹೆಣೆದ ಚೀಲಕ್ಕೆ ತುಂಬಿ, ತೂಗುಹಾಕಿ, ಕೆಳಗಿನಿಂದ ಎಳೆಯುವರು. ಚೀಲವು ಉದ್ದವಾಗುತ್ತ ಸಣ್ಣಗಾಗಿ ವಿಷದ ರಸವನ್ನೆಲ್ಲ ಹಿಂಡಿ ಹೊರಹಾಕುವುದು. ಉಳಿದ ಹಿಟ್ಟನ್ನು ಜರಡಿಯಾಡಿ, ದೊಡ್ಡ ಹೆಂಚಿನ ಮೇಲೆ ಅಗಲವಾದ ರೊಟ್ಟಿಯನ್ನು ಸುಡುವರು. ಜಾಗ್ವಾರಿನ ಮುಖ, ಹವಳದ ಹಾವು ಮುಂತಾದ ಚಿತ್ತಾರಗಳನ್ನು ಹೆಣೆದ ‘ವಾಜ’ ಎಂಬ ದುಂಡು ತಟ್ಟೆಯಲ್ಲಿ ಆ ರೊಟ್ಟಿಯನ್ನು ಬಡಿಸುವರು. ದಿನವೂ ಬೆಳಗಾದರೆ ವಿಷವನ್ನು ಅನ್ನವಾಗಿಸುವುದೇ ಅಲ್ಲಿಯ ಗೃಹಿಣಿಯ ಕೆಲಸ.

ಇಷ್ಟು ಸುತ್ತಿ ಬಂದ ಮೇಲೆ ನಮ್ಮ ದೊಡ್ಡಮ್ಮನವರ ಪ್ರಶ್ನೆಗೆ ಉತ್ತರವನ್ನು ಕೊಡಬಹುದು. ಊರೆಲ್ಲ ಸೇರಿ ಹಾಡುವ ದೊಡ್ಡ ಹಬ್ಬದ ಹಾಡು ‘ಅದೆಮಿ’ಯಾದರೆ, ಒಬ್ಬ ಬಲ್ಲವರು ಒಂದು ವಸ್ತುವಿನ ಮೇಲೆ ಅಥವಾ ಒಬ್ಬ ಮನುಷ್ಯನ ಮೇಲೆ ಮೆಲುದನಿಯಲ್ಲಿ ಹಾಡಿ ಉಸಿರನ್ನು ಊದುವ ಹಾಡು ‘ಐಚುಡಿ’. ಬೇಟೆಯಿಂದ ಬಂದ ಮಾಂಸ, ಹೊಸ ಬುಟ್ಟಿ, ಪರದೇಶದಿಂದ ಬಂದ ಸಾಮಾನು, ಮೈನೆರೆದ ಹುಡುಗಿ, ರೋಗಿ, ಹಸುಗೂಸು ಎಲ್ಲಕ್ಕೂ ಐಚುಡಿಯುಂಟು. ಹೊರಗಿನಿಂದ ಹೊಸದಾಗಿ ಬಂದುದೆಲ್ಲವೂ ಕಹಿಗೆಣಸಿನಂತೆ. ಅದರಲ್ಲಿ ಬಾಳೂ ಇದೆ, ವಿಷವೂ ಇದೆ. ಗೃಹಿಣಿಯು ತಿಂಕುಯಿಯಿಂದ ಹಿಂಡುವುದನ್ನು ಐಚುಡಿಯು ಮಾತಿನಿಂದ ಹಿಂಡುವುದು. ಯೆಕ್ವಾನರಿಗೆ ನೆರೆಯವರೂ ಅದೇ ಭಾಷಾ ಕುಟುಂಬದವರೂ ಆದ ಪೆಮೋನರಲ್ಲಿ ಇಂಥ ಊದುವ ಮಂತ್ರಗಳಿಗೆ ‘ತಾರೆನ್’ ಎಂದು ಹೆಸರು. ಆ ಬೆಟ್ಟಗಳ ಜನರಲ್ಲೆಲ್ಲ ಮಾತು ಮತ್ತು ಉಸಿರು ಒಂದೇ ಔಷಧದ ಎರಡು ಭಾಗಗಳು.

ಮಗು ಹುಟ್ಟಿದ ಮನೆಯಲ್ಲಿ ಪುರುಡು ತಾಯಿಯೊಬ್ಬಳಿಗೇ ಅಲ್ಲ, ತಂದೆಗೂ ಉಂಟು. ಅವನು ಬೇಟೆಗೆ ಹೋಗುವಂತಿಲ್ಲ, ಹರಿತವಾದ ಆಯುಧಗಳನ್ನು ಮುಟ್ಟುವಂತಿಲ್ಲ, ಕಷ್ಟದ ಕೆಲಸ ಮಾಡುವಂತಿಲ್ಲ. ತೂಗುಹಾಸಿಗೆಯಲ್ಲಿದ್ದು ತಾಯಿಯಂತೆಯೇ ಪಥ್ಯವನ್ನು ನಡೆಸಬೇಕು. ತಂದೆಯು ಅಲ್ಲಿ ಕೊಡಲಿಯೆತ್ತಿದರೆ ಇಲ್ಲಿ ಕೂಸಿಗೆ ನೋವು ತಗಲುವುದೆಂಬ ಭಾವನೆ. ಹೊರಗಿನಿಂದ ನೋಡಿದ ಪ್ರಯಾಣಿಕರು ಇದನ್ನು ಕಂಡು ನಕ್ಕದ್ದುಂಟು. ನಮಗೆ ನಗು ಬರಲಿಲ್ಲ. ಮಗುವು ತಾಯಿಯದಷ್ಟೇ ಅಲ್ಲ, ತಂದೆಯದೂ ಹೌದೆಂಬುದನ್ನು ಮಾತಿನಲ್ಲಿ ಒಪ್ಪುವುದು ಸುಲಭ. ತಂದೆಯಾದವನು ಕೆಲಸವನ್ನೂ ರುಚಿಯನ್ನೂ ಬಿಟ್ಟು ಮಲಗಿ ಒಪ್ಪುವುದು ಬೇರೆ. ಬಿಟ್ಟ ಆಹಾರಗಳನ್ನು ಮತ್ತೆ ಮುಟ್ಟುವ ಮೊದಲು ಐಚುಡಿಯಿಂದ ಅವುಗಳನ್ನು ಶುದ್ಧಮಾಡಬೇಕು. ಮಗುವಿಗೆ ಇಡುವ ನಿಜವಾದ ಹೆಸರು ಗುಟ್ಟಾಗಿಯೇ ಇರುವುದು. ಹೊರಗೆ ಕರೆಯಲು ಬೇರೆ ಹೆಸರು.

ಐಚುಡಿಯ ಮಾತುಗಳನ್ನು ಹಾಡುಗಾರನು ತಾನಾಗಿ ಕಟ್ಟುವಂತಿಲ್ಲ. ಅವು ಮೊದಲ ಕಾಲದಿಂದ ಬಂದವು. ದಿನಬಳಕೆಯಲ್ಲಿಲ್ಲದ ಗೂಢವಾದ ಹೆಸರುಗಳಿಂದ ತುಂಬಿದವು. ಅವುಗಳನ್ನು ಹಿರಿಯರ ಬಾಯಿಂದ ಕೇಳಿ, ಒಂದಕ್ಷರವೂ ತಪ್ಪದಂತೆ, ವರ್ಷಗಟ್ಟಲೆ ಕಲಿಯಬೇಕು. ಹೆಂಗಸರಲ್ಲಿಯೂ ಐಚುಡಿಯನ್ನು ಬಲ್ಲವರಿದ್ದಾರೆ. ಹೀಗಿರುವುದರಿಂದ ಈ ಮಾತಿನ ಮೂಲವು ಅದು ಮಾಡುವ ಕೆಲಸದಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಅದು ಮಗುವನ್ನು ಮಲಗಿಸುವ ಹಾಡಲ್ಲ. ಮನೆಯನ್ನು ಹಾಡಿ ಮನೆ ಮಾಡುವಂತೆ, ತೋಟವನ್ನು ಹಾಡಿ ತೋಟ ಮಾಡುವಂತೆ, ಮಗುವನ್ನು ಹಾಡಿ ಮನುಷ್ಯನನ್ನಾಗಿ ಮಾಡುವುದು.

ಇಂಥ ಹಾಡುಗಳಿಗೆ ಈಗ ಎರಡು ಕಡೆಯಿಂದ ತೊಂದರೆ ಬಂದಿದೆ. ಒಂದು, ಕಲಿಯುವವರ ಬಿಡುವಿನದು. ಶಾಲೆಗೆ, ಪಟ್ಟಣಕ್ಕೆ,ೆ ಸಂಬಳದ ಕೆಲಸಕ್ಕೆ ಹೋದ ಹುಡುಗರಿಗೆ ರಾತ್ರಿಗಟ್ಟಲೆ ಮುದುಕರ ಬಳಿ ಕುಳಿತುಕೊಳ್ಳಲು ಬಿಡುವಿಲ್ಲ. ಆದರೆ ಆವಾರಿಸ್ ತೀರದ ತರುಣರು ಹಿರಿಯರ ಹಾಡುಗಳನ್ನು ಯಂತ್ರದಲ್ಲಿ ಹಿಡಿದಿಟ್ಟುಕೊಂಡು, ಪುಸ್ತಕಗಳಲ್ಲಿ ಬರೆದುಕೊಂಡು ಕಲಿಯುವ ದಾರಿಯನ್ನು ಕಂಡುಕೊಂಡಿದ್ದಾರೆ. ವೆನೆಜುವೆಲಾದ ಯೆಕ್ವಾನರು ೧೯೯೦ರ ದಶಕದಲ್ಲಿ, ಹಿಂದೆ ನಾಡನ್ನೆಲ್ಲ ಸುತ್ತಿ ಗಡಿ ಹಾಕಿದನೆಂದು ಹೇಳುವ ಕುಯುಹಾನಿ ಎಂಬ ಪೂರ್ವಿಕನ ಕಥೆಯನ್ನೇ ಆಧಾರವಾಗಿಟ್ಟುಕೊಂಡು, ತಮ್ಮ ನೆಲದ ಎಲ್ಲೆಗಳನ್ನು ತಾವೇ ಗುರುತುಮಾಡಿದರು. ಬಾಯಲ್ಲಿದ್ದ ಮಾತು ಹೀಗೆ ಭೂಪಟವಾಯಿತು.

ಎರಡನೆಯ ತೊಂದರೆ ದೊಡ್ಡದು. ಚಿನ್ನದ ಆಸೆಯಿಂದ ಹೊರಗಿನವರು ಈ ಹೊಳೆಗಳಿಗೆ ನುಗ್ಗಿದ್ದಾರೆ. ಚಿನ್ನದ ಪುಡಿಯನ್ನು ಮಣ್ಣಿನಿಂದ ಬೇರ್ಪಡಿಸಲು ಪಾದರಸವನ್ನು ಬಳಸುವರು. ಅದು ನೀರಿಗೆ ಸೇರಿ, ಮೀನಿಗೆ ಸೇರಿ, ಮೀನನ್ನು ತಿಂದ ಬಸುರಿಯಿಂದ ಹೊಟ್ಟೆಯೊಳಗಿನ ಕೂಸಿಗೆ ಸೇರುವುದು. ಬೆಳೆಯುವ ಮಿದುಳಿಗೆ ಅದು ಕೇಡು. ಕೌರಾ ನದಿಯ ದಡದ ಹೆಂಗಸರ ಕೂದಲನ್ನು ಪರೀಕ್ಷಿಸಿದಾಗ ಮಿತಿಮೀರಿದ ಪಾದರಸವು ಕಂಡುಬಂದಿತು; ಬ್ರೆಜಿಲಿನ ಯೆಕ್ವಾನರಲ್ಲಿಯೂ ಹಾಗೆಯೇ. ಅವರು ಯಾನೋಮಾಮಿ ಜನರೊಡನೆ ವಾಸಿಸುವ ರಕ್ಷಿತ ಪ್ರದೇಶವು ೧೯೯೨ರಲ್ಲಿಯೇ ಸ್ಥಿರಪಟ್ಟಿದ್ದರೂ, ಅಕ್ರಮ ಗಣಿಗಾರರ ಹಾವಳಿ ಮಿತಿಮೀರಿ ೨೦೨೩ರ ಜನವರಿಯಲ್ಲಿ ಬ್ರೆಜಿಲ್ ಸರ್ಕಾರವು ಅಲ್ಲಿ ಆರೋಗ್ಯದ ತುರ್ತು ಪರಿಸ್ಥಿತಿಯನ್ನು ಸಾರಬೇಕಾಯಿತು. ಕಹಿಗೆಣಸಿನ ವಿಷವನ್ನು ಹಿಂಡಿ ತೆಗೆಯಬಲ್ಲ ತಾಯಂದಿರಿದ್ದಾರೆ. ಮೀನಿನೊಳಗಿನ ಪಾದರಸವನ್ನು ಹಿಂಡಿ ತೆಗೆಯುವ ಚೀಲವನ್ನು ಯಾರೂ ಹೆಣೆದಿಲ್ಲ. ಬಸಿರಿನೊಳಗೇ ಬಂದು ಕೂಸನ್ನು ಮುಟ್ಟುವ ಕೇಡನ್ನು ಅವರ ಹಳೆಯ ಕಥೆಯು ಓಡೋಶಾ ಎಂದು ಕರೆಯುವುದು. ಹೊಸ ಕಾಲದಲ್ಲಿ ಅದು ಅಂಗಡಿಯಲ್ಲಿ ಸೀಸೆಯೊಳಗೆ ಮಾರಾಟವಾಗುತ್ತಿದೆ.

ಇದೆಲ್ಲವನ್ನೂ ನಾವು ಕೆಲವು ರಾತ್ರಿಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ದೊಡ್ಡಮ್ಮನವರಿಗೆ ಹೇಳಿದೆವು. ಅವರು ಎಲ್ಲವನ್ನೂ ಕೇಳಿ, "ಹಾಗಾದರೆ ಅದು ಜೋಗುಳವಲ್ಲ, ಕಾವಲು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕಾವಲಿನವರು ಒಬ್ಬರೇ ಎಚ್ಚರವಾಗಿದ್ದರೆ ಸಾಲದಪ್ಪ. ಹೊಳೆಯ ಮೇಲುಗಡೆಯವರಿಗೂ ಬುದ್ಧಿ ಬೇಕು" ಎಂದರು. ಅಷ್ಟರಲ್ಲಿ ಕೂಸು ಎದ್ದು ಅಳತೊಡಗಿತು. ಅವರು ಹಗ್ಗವನ್ನು ನಮ್ಮ ಕೈಯಿಂದ ತೆಗೆದುಕೊಂಡರು. ನಾವು ಪುಸ್ತಕವನ್ನು ಬದಿಗಿಟ್ಟು ದೀಪವನ್ನು ಸಣ್ಣದು ಮಾಡಿದೆವು.